ಫ್ರಿಜ್ಜಿನಲ್ಲಿ ಸೈಬೀರಿಯಾ, ಹಿತ್ತಲಲ್ಲಿ ಬಜೆ

ಜೂನ್ ಕೊನೆಗೆ ನಾಲ್ಕು ಹನಿ ಬಿದ್ದರೆ ಸಾಕು, ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಗಿಡಗಳ ಹಂಗಾಮು ಶುರುವಾಗುತ್ತದೆ. ವಡೋದರದವರು ದಾಸವಾಳದ ಕಡ್ಡಿ ಹಂಚುತ್ತಾರೆ, ಸೂರತ್‌ನವರು ಕೆಸುವಿನ ಎಲೆಯ ಫೋಟೋ ಹಾಕಿ ಹೊಟ್ಟೆ ಉರಿಸುತ್ತಾರೆ, ಅಹಮದಾಬಾದಿನ ನಾವು ಇನ್ನೂ ಆಕಾಶ ನೋಡುತ್ತಾ ಕೂತಿರುತ್ತೇವೆ. ಈ ಸಲ ಸೂರತ್‌ನ ಹುಡುಗಿಯೊಬ್ಬಳು ಒಂದು ಜಾಹೀರಾತು ಕಳಿಸಿ, "ಇದು ನಮ್ಮಲ್ಲಿ ಬರುತ್ತಾ? ಆರ್ಡರ್ ಮಾಡ್ಲಾ?" ಎಂದು ಕೇಳಿದಳು. ಫೋಟೋದಲ್ಲಿ ನೀಲಿ-ನೇರಳೆ ಬಣ್ಣದ ಹೂ. ಕೆಳಗೆ ಸೈಬೀರಿಯನ್ ಐರಿಸ್, ಮೂರು ಗಡ್ಡೆ ಎಂದಿತ್ತು.

ಯಾರೂ ಉತ್ತರ ಕೊಡುವ ಮೊದಲೇ ನಾನು "ಬೇಡ" ಎಂದು ಟೈಪ್ ಮಾಡಿಬಿಟ್ಟೆ. ಯಾಕೆ ಬೇಡ ಎಂದು ಅವಳು ಕೇಳಿದ್ದಕ್ಕೆ ಮೊಬೈಲಿನಲ್ಲಿ ಬರೆಯಲು ಆಗದಷ್ಟು ಉದ್ದದ ಉತ್ತರ ನನ್ನ ಬಳಿ ಇತ್ತು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಾವಿರುವುದು ಚಾಂದಖೇಡಾದಲ್ಲಿ, ಅಹಮದಾಬಾದಿನವರು ‘ಟೆನಾಮೆಂಟ್’ ಎಂದು ಕರೆಯುವ ಜೋಡಿ ಮನೆಗಳ ಸಾಲಿನಲ್ಲಿ. ಮುಂದೆ ಹೀಂಚ್ಕೊ ತೂಗುಹಾಕುವಷ್ಟು ಜಗುಲಿ, ಹಿಂದೆ ಬಟ್ಟೆ ಒಣಗಿಸಿ ಮಿಕ್ಕರೆ ಹತ್ತು ಕುಂಡ ಇಡುವಷ್ಟು ಜಾಗ. ಮೂರು ವರ್ಷದ ಹಿಂದೆ, ನಾನು ತುಂಬು ಬಸುರಿಯಾಗಿ ಮನೆಯಲ್ಲೇ ಇದ್ದಾಗ, ಹೊತ್ತು ಹೋಗದೆ ಗಿಡಗಳ ಫೋಟೋ ನೋಡುತ್ತಿದ್ದೆ. ಹಾಗೆ ನೋಡುವಾಗ ಒಂದು ಚಿತ್ರ ಕಣ್ಣಿಗೆ ಬಿತ್ತು. ಕೊಳದ ಅಂಚಿನಲ್ಲಿ ಕತ್ತಿಯಂಥ ಎಲೆಗಳ ಹಸಿರು ಪೊದೆ. ಹೂ ಇನ್ನೂ ಬಿಟ್ಟಿರಲಿಲ್ಲ. ಒಂದು ಕ್ಷಣ ಅದು ನಮ್ಮ ತಾತನ ಊರು ಅನ್ನಿಸಿತು.

ತಾತನ ಊರು ತುಮಕೂರು ಜಿಲ್ಲೆಯ ಕೊರಟಗೆರೆ ಸೀಮೆ. ಗೊರವನಹಳ್ಳಿ ಲಕ್ಷ್ಮಿಗೆ ಹರಕೆ ಹೊತ್ತವರು, ಸಿದ್ಧರಬೆಟ್ಟ ಹತ್ತಿದವರು ಆ ಕಡೆ ಓಡಾಡಿರುತ್ತೀರಿ. ಆದರೆ ಅಲ್ಲಿ ಬಜೆ ಬೆಳೆಯುತ್ತಾರೆ ಎನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಹೌದು, ಎಳೆಗೂಸಿಗೆ ತೇಯ್ದು ನೆಕ್ಕಿಸುವ ಅದೇ ಬಜೆ. ಕೆರೆಯ ಕೆಳಗಿನ ಜೌಗು ಗದ್ದೆಯಲ್ಲಿ ಭತ್ತದ ಹಾಗೆಯೇ ನೀರು ಕಟ್ಟಿ ನಾಟಿ ಮಾಡುತ್ತಾರೆ. ವರ್ಷದ ಹತ್ತಿರ ಬಿಟ್ಟು ಗಡ್ಡೆ ಕಿತ್ತು, ತುಂಡು ಮಾಡಿ, ಒಣಗಿಸಿ, ಗೋಣಿತಾಟಿನಲ್ಲಿ ಹಾಕಿ ಉಜ್ಜಿದರೆ ಮೇಲಿನ ಸಿಪ್ಪೆ, ನಾರು ಉದುರಿ ಅಂಗಡಿಯಲ್ಲಿ ಸಿಗುವ ಬಜೆ ಆಗುತ್ತದೆ. ಬೇಸಿಗೆ ರಜೆಗೆ ಹೋದಾಗ ಆ ಗದ್ದೆಯ ಬದುವಿನ ಮೇಲೆ ನಡೆದರೆ ಕಾಲಿಗೆ ಎಲೆ ತಾಗಿ ಘಾಟು ಮೂಗಿಗೆ ಹತ್ತುತ್ತಿತ್ತು. ಆ ವಾಸನೆಯನ್ನು ಬಜೆಯ ವಾಸನೆ ಎಂದಲ್ಲದೆ ಬೇರೆ ಹೇಗೆ ಹೇಳುವುದೋ ನನಗೆ ತಿಳಿಯದು.

ಗದ್ದೆ ಮಾರಿ ಬಹಳ ವರ್ಷವಾಯಿತು. ನನಗೆ ಬೇಕಾಗಿದ್ದದ್ದು ಆ ಎಲೆ. ಹೂ ಬಂದರೆ ಲಾಭ ಎಂದುಕೊಂಡು ಆರ್ಡರ್ ಮಾಡಿದೆ.

ಈಗ ಸ್ವಲ್ಪ ಆ ಗಿಡದ ವಿಷಯ. ಐರಿಸ್ ಎಂದರೆ ಗ್ರೀಕರ ಕಾಮನಬಿಲ್ಲಿನ ದೇವತೆ. ಹೆಸರಿಗೆ ಸೈಬೀರಿಯನ್ ಆದರೂ ಲಿನೇಯಸ್ 1753ರಲ್ಲಿ ಹೆಸರಿಟ್ಟ ಐರಿಸ್ ಸಿಬಿರಿಕಾದ ತವರು ಬಹುಪಾಲು ಮಧ್ಯ ಮತ್ತು ಪೂರ್ವ ಯುರೋಪಿನ ಒದ್ದೆ ಹುಲ್ಲುಗಾವಲು. ಅದಕ್ಕೂ ಜಪಾನ್, ಕೊರಿಯಾ ಕಡೆಯ ಐರಿಸ್ ಸಾಂಗ್ವಿನಿಯಾಕ್ಕೂ ಮದುವೆ ಮಾಡಿಸಿ ಹುಟ್ಟಿದವು ಇಂದು ತೋಟಗಳಲ್ಲಿರುವ ಹೆಚ್ಚಿನ ಸೈಬೀರಿಯನ್ ಐರಿಸ್‌ಗಳು. ಕೆನಡಾದ ಕ್ಲೀವ್‌ಲ್ಯಾಂಡ್ ಮಾರ್ಗನ್ ಎಂಬುವರು ಸುಮಾರು 1930ರ ಹೊತ್ತಿಗೆ ಹೊರತಂದ ‘ಸೀಸರ್ಸ್ ಬ್ರದರ್’ ಎಂಬ ಕಡುನೇರಳೆ ತಳಿ ಇವತ್ತಿಗೂ ಮಾರಾಟವಾಗುತ್ತಿದೆ. ಮಂಡಿಯಿಂದ ಸೊಂಟದವರೆಗಿನ ಎತ್ತರ, ಕಿರಿದಾದ ಎಲೆ, ಮೂರು ಎಸಳು ಮೇಲಕ್ಕೆ ನೆಟ್ಟಗೆ, ಮೂರು ಕೆಳಕ್ಕೆ ಇಳಿಬಿದ್ದು. ಮೈನಸ್ 30 ಡಿಗ್ರಿಯ ಹಿಮವನ್ನೂ ತಡೆದುಕೊಳ್ಳುವ ಗಟ್ಟಿ ಜೀವ. ರೋಗ ಕಡಿಮೆ, ಆರೈಕೆ ಕಡಿಮೆ. ಇಂಗ್ಲಿಷ್ ತೋಟಗಾರಿಕೆ ಪುಸ್ತಕಗಳಲ್ಲಿ ಇದನ್ನು ಸೋಮಾರಿಗಳ ಗಿಡ ಎಂದೇ ಹೊಗಳುತ್ತಾರೆ. ಯಾವ ದೇಶದ ಸೋಮಾರಿಗಳಿಗೆ ಎಂದು ಮಾತ್ರ ಹೇಳುವುದಿಲ್ಲ.

ಆ ಗಿಡಕ್ಕೆ ಚಳಿ ಬರೀ ತಡೆದುಕೊಳ್ಳುವ ಸಂಗತಿಯಲ್ಲ, ಬೇಕೇ ಬೇಕಾದದ್ದು. ಕೆಲವು ವಾರಗಳ ಗಟ್ಟಿ ಚಳಿಯಲ್ಲಿ ಮಲಗಿ ಎದ್ದರೆ ಮಾತ್ರ ಅದು ಹೂ ಕಟ್ಟುತ್ತದೆ. ಅಹಮದಾಬಾದಿನ ಜನವರಿಯಲ್ಲಿ ಬೆಳಗಿನ ಜಾವ ಸುಮಾರು 12 ಡಿಗ್ರಿಗೆ ಇಳಿಯುತ್ತದೆ, ಮಧ್ಯಾಹ್ನಕ್ಕೆ ಮತ್ತೆ 28 ಆಗುತ್ತದೆ. ನಾವು ಸ್ವೆಟರ್ ಹಾಕಿ ಉಂಧಿಯು ತಿನ್ನುತ್ತಾ ಏನು ಚಳಿ ಎನ್ನುತ್ತೇವೆ. ಸೈಬೀರಿಯನ್ ಐರಿಸ್‌ಗೆ ಅದು ಬೇಸಿಗೆ. ಸೂರತ್‌ನಲ್ಲಿ ಸಮುದ್ರ ಹತ್ತಿರ, ಅಷ್ಟೂ ಇಲ್ಲ. ಊರಿನ ಬೆಂಗಳೂರಿನಲ್ಲೂ ಇಲ್ಲ ಬಿಡಿ.

ಇದೆಲ್ಲ ಓದಿದ್ದು ಗಡ್ಡೆ ಬಂದ ಮೇಲೆ. ಮೂರು ಗಡ್ಡೆ ಎಂದು ಬರೆದಿದ್ದ ಪೊಟ್ಟಣದಲ್ಲಿ ಇದ್ದದ್ದು ಹೆಬ್ಬೆರಳಿನಷ್ಟು ಮೂರು ತುಂಡು, ಒಣಗಿ ಸುಕ್ಕಾಗಿದ್ದವು. ಸೈಬೀರಿಯನ್ ಐರಿಸ್ ಗಡ್ಡೆ ಒಣಗಲೇಬಾರದು ಎನ್ನುವುದು ಮೊದಲ ನಿಯಮ. ದೂರು ಕೊಟ್ಟರೆ ಮಾರಿದವರು ಒಂದು ನಗುಮುಖದ ಇಮೋಜಿ ಕಳಿಸಿದರು. ಆಮೇಲೆ ಹುಡುಕಿದಾಗ ಒಂದು ಉಪಾಯ ಸಿಕ್ಕಿತು. ಚಳಿ ಇಲ್ಲದ ಊರಿನವರು ಟ್ಯುಲಿಪ್ ಗಡ್ಡೆಗಳನ್ನು ಆರರಿಂದ ಹತ್ತು ವಾರ ಫ್ರಿಜ್ಜಿನಲ್ಲಿಟ್ಟು ಮೋಸ ಮಾಡುತ್ತಾರಂತೆ. ಗಡ್ಡೆಗೆ ಚಳಿಗಾಲ ಬಂದು ಹೋಯಿತು ಅನ್ನಿಸಬೇಕು, ಅಷ್ಟೆ. ಪಕ್ಕದಲ್ಲಿ ಸೇಬು, ಬಾಳೆಹಣ್ಣು ಇಡಬಾರದು, ಅವು ಬಿಡುವ ಎಥಿಲೀನ್ ಅನಿಲದಿಂದ ಒಳಗಿನ ಮೊಗ್ಗು ಹಾಳಾಗುತ್ತದೆ. ನಾನು ಮೂರೂ ತುಂಡುಗಳನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ಒದ್ದೆ ತೆಂಗಿನ ನಾರಿನಲ್ಲಿ ಸುತ್ತಿ, ಪೇಪರಿನಲ್ಲಿ ಕಟ್ಟಿ, ತರಕಾರಿ ಡ್ರಾಯರಿನ ಮೂಲೆಯಲ್ಲಿ ಇಟ್ಟೆ. ಮೇಲೆ ಏನೂ ಬರೆಯಲಿಲ್ಲ. ನನ್ನ ಫ್ರಿಜ್, ನನ್ನ ಗಡ್ಡೆ, ಬರೆಯುವುದೇನು?

ಅದೇ ವಾರ ಬಾಣಂತನಕ್ಕೆ ಅಮ್ಮ ಬಂದರು. ನವೆಂಬರ್‌ನಲ್ಲಿ ಮಗ ಹುಟ್ಟಿದ.

ಡಿಸೆಂಬರ್‌ನ ಒಂದು ಸಂಜೆ. ಮಗುವಿಗೆ ಹೊಟ್ಟೆ ಉಬ್ಬರ, ಎರಡು ಗಂಟೆಯಿಂದ ಕಾಲು ಮಡಚಿ ಅಳುತ್ತಿದೆ. ನಾನು ಸ್ನಾನ ಮುಗಿಸಿ ತಲೆಗೆ ಬಟ್ಟೆ ಸುತ್ತಿಕೊಂಡು ಬಂದರೆ ಅಡುಗೆಮನೆಯ ನೆಲದ ಮೇಲೆ ಅಮ್ಮ ಕಾಲು ಚಾಚಿ ಕೂತು ಸಾಣೆಕಲ್ಲಿನ ಮೇಲೆ ಏನೋ ತೇಯುತ್ತಿದ್ದಾರೆ. ಪಕ್ಕದಲ್ಲಿ ಬೆಳ್ಳಿ ಒಳಲೆ. ಮುಖದಲ್ಲಿ ಎಂಥದೋ ನೆಮ್ಮದಿ.

"ಬಜೆ ತರಿಸಿಟ್ಟಿದ್ದೀಯ, ಹೇಳಲೇ ಇಲ್ಲವಲ್ಲೇ. ಹಸೀದು ಯಾಕೆ ತಂದೆ? ಒಣಗಿದ್ದಾಗಿದ್ರೆ ದೀಪಕ್ಕೆ ಹಿಡಿದು ಸುಟ್ಟು ತೇಯ್ಬೋದಿತ್ತು. ವಾಸನೆನೂ ಇಲ್ಲ, ಏನು ಗುಜರಾತಿನ ಬಜೆನೋ."

ನಾನು ಏನು ಮಾಡಿದೆ ಎಂಬುದು ನನಗೇ ಸರಿಯಾಗಿ ನೆನಪಿಲ್ಲ. ಕಲ್ಲು ಒಂದು ಕಡೆ, ಒಳಲೆ ಒಂದು ಕಡೆ ಹೋಯಿತು. ಅಮ್ಮನ ಕೈಯಿಂದ ತುಂಡನ್ನು ಕಿತ್ತುಕೊಂಡೆ. ಬಾಣಂತಿ ಅಷ್ಟು ಜೋರಾಗಿ ಕಿರುಚಿದ್ದಕ್ಕೆ ಪಕ್ಕದ ಮನೆಯ ಬಾ ಗೋಡೆಯ ಆಚೆಯಿಂದಲೇ "ಶು ಥಯು?" ಎಂದು ಕೂಗಿದರು. ಒಳಲೆಯಲ್ಲಿ ಅಷ್ಟರಲ್ಲೇ ಹಾಲು ಬೆರೆಸಿದ ಅರ್ಧ ಚಮಚ ಗಂಧ ಸಿದ್ಧವಾಗಿತ್ತು. ಇನ್ನೊಂದು ನಿಮಿಷ ತಲೆ ಒರೆಸಿಕೊಂಡು ನಿಂತಿದ್ದರೆ?

ಐರಿಸ್ ಗಡ್ಡೆ ವಿಷ. ಎಲೆಯಲ್ಲೂ ಇದೆ, ಗಡ್ಡೆಯಲ್ಲಿ ಹೆಚ್ಚು. ದೊಡ್ಡವರು ತಿಂದರೆ ಬಾಯಿ ಉರಿ, ವಾಂತಿ, ಭೇದಿ. ಕೈಗೆ ರಸ ತಾಗಿದರೂ ಕೆಲವರಿಗೆ ತುರಿಕೆ. ಐದು ವಾರದ ಕೂಸಿಗೆ ಏನಾಗುತ್ತಿತ್ತು ಎಂದು ಬರೆಯಲು ನನ್ನಿಂದ ಆಗದು. ಅಮ್ಮನ ಬೆರಳು ಎರಡು ದಿನ ಕೆಂಪಾಗಿ ಕೆರೆತ ಬಂದಿತ್ತು. ಅದನ್ನು ಅವರು ಸೆರಗಿನಲ್ಲಿ ಮುಚ್ಚಿಕೊಂಡು ಓಡಾಡಿದರು.

ತಪ್ಪು ಅಮ್ಮನದಲ್ಲ. ಈ ಗೊಂದಲ ಬಹಳ ಹಳೆಯದು ಎಂದು ಆಮೇಲೆ ಓದಿ ತಿಳಿದೆ. ಬಜೆಯ ಸಸ್ಯಶಾಸ್ತ್ರೀಯ ಹೆಸರು ಅಕೋರಸ್ ಕಲಾಮಸ್. ಯುರೋಪಿನಲ್ಲಿ ಕೆರೆಯಂಚಿನಲ್ಲಿ ಬೆಳೆಯುವ ಹಳದಿ ಐರಿಸ್‌ಗೆ ಲಿನೇಯಸ್ ಇಟ್ಟ ಹೆಸರು ಐರಿಸ್ ಸ್ಯೂಡಕೋರಸ್, ಅಂದರೆ ಸುಳ್ಳು ಬಜೆ! ಬಜೆ, ಸುಳ್ಳು ಬಜೆ, ಸೈಬೀರಿಯನ್ ಐರಿಸ್, ಮೂರಕ್ಕೂ ಆತ ಹೆಸರು ಕೊಟ್ಟದ್ದು 1753ರ ಒಂದೇ ಪುಸ್ತಕದಲ್ಲಿ. ನಮ್ಮ ಕಡೆಯೂ ಅಷ್ಟೆ. ಆಯುರ್ವೇದದಲ್ಲಿ ವಚಾ ಎಂದರೆ ಬಜೆ. ಆದರೆ ಹೈಮವತೀ ವಚಾ, ಪಾರಸೀಕ ವಚಾ ಎಂದು ಇನ್ನೊಂದು ಬರುತ್ತದಲ್ಲ, ಅದು ಯಾವ ಗಿಡ ಎನ್ನುವುದರಲ್ಲಿ ಬಲ್ಲವರಿಗೇ ಒಮ್ಮತವಿಲ್ಲ. ಯಾವುದೋ ಐರಿಸ್ ಇರಬೇಕು ಎನ್ನುವವರೂ ಇದ್ದಾರೆ. ಅಂಥದ್ದರಲ್ಲಿ ಚೀಟಿ ಇಲ್ಲದ ಪೊಟ್ಟಣ ನೋಡಿ ಅಮ್ಮ ಏನು ತಿಳಿಯಬೇಕಿತ್ತು?

ಗುರುತು ಹಿಡಿಯುವುದು ಕಷ್ಟವೇನಲ್ಲ. ಬಜೆಯ ಎಲೆ ಜಜ್ಜಿದರೆ ಘಮ್ಮೆನ್ನುತ್ತದೆ, ಐರಿಸ್ ಎಲೆಗೆ ಆ ವಾಸನೆ ಇಲ್ಲ. ಬಜೆ ಎಲೆಯ ನಡುನರ ಸರಿಯಾಗಿ ಮಧ್ಯದಲ್ಲಿರದೆ ಒಂದು ಪಕ್ಕಕ್ಕೆ ಸರಿದಿರುತ್ತದೆ, ಅಂಚು ಅಲ್ಲಲ್ಲಿ ಸುಕ್ಕುಗಟ್ಟಿರುತ್ತದೆ. ಹೂವಂತೂ ಒಂದಕ್ಕೊಂದು ಸಂಬಂಧವೇ ಇಲ್ಲ. ಬಜೆಗೆ ಬರುವುದು ಬೆರಳಿನಂಥ ಹಳದಿ-ಹಸಿರು ಕದಿರು, ಯಾರೂ ತಿರುಗಿ ನೋಡುವುದಿಲ್ಲ. ವಾಸನೆ ಇಲ್ಲ ಎಂದು ಅಮ್ಮನೇ ಹೇಳಿದ್ದರು ನೋಡಿ. ಮೂಗು ಸರಿಯಾಗಿಯೇ ಹೇಳಿತ್ತು, ನಂಬಲಿಲ್ಲ ಅಷ್ಟೆ. ಪರ ಊರಿನಲ್ಲಿ ಬೇಳೆಯಿಂದ ಬೆಲ್ಲದವರೆಗೆ ಎಲ್ಲವೂ ಊರಿನ ಹಾಗೆ ಇಲ್ಲ ಅನ್ನಿಸುವಾಗ ಬಜೆಯ ವಾಸನೆಯೂ ಹೋಗಿರಬಹುದು ಅಂದುಕೊಂಡರು.

ಆ ರಾತ್ರಿ ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಮಗುವಿನ ಬಾಯಿಗೆ ಏನೂ ಹೋಗಿರಲಿಲ್ಲ, ಆದರೂ ನನಗೆ ಧೈರ್ಯ ಸಾಲದು. ಅವರು ಎಲ್ಲ ಕೇಳಿ, ಐರಿಸ್ ಬಿಡಿ, ಬಜೆಯನ್ನೂ ಕೊಡಬೇಡಿ ಎಂದರು. ಆರು ತಿಂಗಳವರೆಗೆ ತಾಯಿಹಾಲು ಬಿಟ್ಟು ನೀರೂ ಬೇಡ. ಬಜೆಯಲ್ಲಿರುವ ಬೀಟಾ-ಅಸರೋನ್ ಎಂಬ ಅಂಶದಿಂದ ಪ್ರಯೋಗದ ಇಲಿಗಳಿಗೆ ಗಡ್ಡೆ ಬಂದದ್ದರಿಂದ ಅಮೆರಿಕದಲ್ಲಿ 1968ರಲ್ಲೇ ಅದನ್ನು ಆಹಾರಕ್ಕೆ ಬಳಸುವುದನ್ನು ನಿಷೇಧಿಸಿದ್ದಾರೆ. ಅಮ್ಮನಿಗೆ ಗುಜರಾತಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ನಾನೇ ಕನ್ನಡದಲ್ಲಿ ಹೇಳಬೇಕಾಯಿತು. ಹೇಳಿದೆ.

ಆಟೋದಲ್ಲಿ ಬರುವಾಗ ಅಮ್ಮ ಒಂದೇ ಮಾತು ಆಡಿದರು. "ನಿಂಗೂ ನಾನು ಬಜೆ ತಿನ್ಸಿದ್ದೆ. ನಮ್ಮ ಗದ್ದೇದೇ."

ಮಾತಿನ ಮಲ್ಲಿಯಂಥ ಮಕ್ಕಳನ್ನು ಕಂಡರೆ, ಇದಕ್ಕೆ ಚಿಕ್ಕಂದಿನಲ್ಲಿ ಬಜೆ ಜಾಸ್ತಿ ತಿನ್ನಿಸಿದ್ದಾರೆ ಅನ್ನುತ್ತಾರಲ್ಲ, ಆ ಲೆಕ್ಕದಲ್ಲಿ ನಾನು ಸುಮ್ಮನಿರಬಾರದಿತ್ತು. ಆದರೆ ಏನು ಹೇಳುವುದು? ವಿಜ್ಞಾನ ಡಾಕ್ಟರ ಕಡೆಗಿತ್ತು, ನಾನೂ ಅದೇ ಕಡೆ. ಹಾಗಿದ್ದೂ, ಊರು ಬಿಟ್ಟು, ಅಪ್ಪನನ್ನು ಹೋಟೆಲ್ ಊಟಕ್ಕೆ ಬಿಟ್ಟು ಬಂದವರಿಗೆ ತಮಗೆ ಚೆನ್ನಾಗಿ ಗೊತ್ತಿದ್ದ ಒಂದೇ ಕೆಲಸವೂ ತಪ್ಪು ಎಂದು ಒಂದೇ ಸಂಜೆ ಎರಡು ಸಲ ಹೇಳಿದಂತಾಗಿತ್ತು.

ಮರುದಿನ ಪಕ್ಕದ ಮನೆಯ ಬಾ ಬಂದು ವಿಷಯ ತಿಳಿದರು. ಅವರಲ್ಲೂ ಮಗುವಿಗೆ ತೇಯ್ದು ಕೊಡುವ ಪದ್ಧತಿ ಇದೆ, ಘಸಾರೊ ಎನ್ನುತ್ತಾರೆ. ಬಜೆಗೆ ಗುಜರಾತಿಯಲ್ಲಿ ಘೋಡಾವಜ್. ಬಾ ಹಳೆ ಊರಿನ ಗಾಂಧಿ ಅಂಗಡಿಯಿಂದ, ಅಂದರೆ ಇಲ್ಲಿನ ಗಿಡಮೂಲಿಕೆ ಅಂಗಡಿಯಿಂದ, ಒಂದು ಒಣ ತುಂಡು ತಂದು ಅಮ್ಮನ ಕೈಯಲ್ಲಿಟ್ಟರು. ಅಮ್ಮ ಮೂಸಿ ನೋಡಿ ತಲೆಯಾಡಿಸಿದರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆ ತುಂಡಿಗೆ ದಾರ ಕಟ್ಟಿ, ಮಗುವಿನ ಕೈಗಲ್ಲ, ಕೈಗೆ ಕಟ್ಟಿದರೆ ಬಾಯಿಗೆ ಹಾಕಿಕೊಳ್ಳುತ್ತದೆ ಎಂದು ನಾನು ಬಾಯಿ ತೆರೆಯುವ ಮೊದಲೇ ಬಾ ಸನ್ನೆ ಮಾಡಿದರು, ತೊಟ್ಟಿಲಿನ ಮೇಲುಗಡೆ, ಮಗುವಿಗೆ ಎಟುಕದ ಹಾಗೆ ತೂಗುಹಾಕಿದರು. ಇದರಲ್ಲಿ ಯಾವ ಡಾಕ್ಟರೂ ತಪ್ಪು ಹುಡುಕುವಂತಿರಲಿಲ್ಲ.

ಇನ್ನು ಐರಿಸ್‌ನ ಕತೆ ಬೇಗ ಮುಗಿಸುತ್ತೇನೆ, ಅದು ತಾನೇ ಬೇಗ ಮುಗಿಯಿತು.

ಉತ್ತರಾಯಣ ಕಳೆದ ವಾರ, ಟೆರೇಸಿನಿಂದ ಗಿಡಗಳ ಮೇಲೆ ಬಿದ್ದಿದ್ದ ಮಾಂಜಾ ದಾರ ಬಿಡಿಸಿ, ಫ್ರಿಜ್ಜಿನಿಂದ ಗಡ್ಡೆ ತೆಗೆದು ನೆಟ್ಟೆ. ಒಂದು ಇಂಚು ಆಳ, ಎಲೆಗೊಬ್ಬರ ಬೆರೆಸಿದ ಮಣ್ಣು. ಅಮ್ಮ ತೇಯ್ದ ತುಂಡು ಕೊಳೆಯಿತು. ಇನ್ನೊಂದು ಅಲುಗಾಡಲಿಲ್ಲ. ಮೂರನೆಯದು ಫೆಬ್ರವರಿಯಲ್ಲಿ ಬೀಸಣಿಗೆಯ ಹಾಗೆ ನಾಲ್ಕು ಎಲೆ ಬಿಟ್ಟಿತು. ಅಮ್ಮ ಮಾರ್ಚ್‌ನಲ್ಲಿ ಊರಿಗೆ ಹೋಗುವ ಮುಂಚೆ ಅದನ್ನು ನೋಡಿ "ಬದುಕಲ್ಲ ಇದು" ಎಂದರು. ಕೋಪದಿಂದಲ್ಲ, ಬೆಳೆ ನೋಡಿ ಹೇಳುವವರ ದನಿಯಲ್ಲಿ.

ನಾನು ಹಟ ಹಿಡಿದೆ. ಈ ಗಿಡಕ್ಕೆ ತೇವ ಬೇಕು, ಸ್ವಲ್ಪ ಹುಳಿ ಮಣ್ಣು ಬೇಕು. ನಾನು ಮಾಡಿದ ದೊಡ್ಡ ತಪ್ಪೆಂದರೆ ನೀರು ಉಳಿಸುವ ಜಾಣತನದಲ್ಲಿ ಆರ್‌ಓ ಫಿಲ್ಟರ್ ಹೊರಗೆ ಬಿಡುವ ನೀರನ್ನು ಅದಕ್ಕೆ ಹಾಕಿದ್ದು. ಆರ್‌ಓ ಯಂತ್ರ ನಮಗೆ ಸಿಹಿನೀರು ಕೊಟ್ಟು ಉಪ್ಪಿನಂಶವನ್ನೆಲ್ಲ ಆ ಇನ್ನೊಂದು ಕೊಳವೆಗೆ ತಳ್ಳುತ್ತದೆ. ನಲ್ಲಿ ನೀರಿಗಿಂತ ಅದು ಹೆಚ್ಚು ಗಡಸು. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕೂತಿತು, ಎಲೆ ನರಗಳು ಹಸಿರಾಗಿಯೇ ಇದ್ದು ನಡುವೆಲ್ಲ ಹಳದಿ ಆಯಿತು. ಮಣ್ಣು ಕ್ಷಾರವಾದರೆ ಕಬ್ಬಿಣ ಇದ್ದರೂ ಬೇರಿಗೆ ಸಿಗದಾಗ ಹೀಗಾಗುತ್ತದೆ. ನಿಮ್ಮ ಮಲ್ಲಿಗೆ, ಸಂಪಿಗೆ ಹೀಗೆ ಬಿಳುಚಿಕೊಂಡಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ. ಆರ್‌ಓ ನೀರು ನೆಲ ಒರೆಸುವುದಕ್ಕೆ ಆಗುತ್ತದೆ, ಕುಂಡಕ್ಕೆ ಬೇಡ. ಎಸಿಯಿಂದ ತೊಟ್ಟಿಕ್ಕುವ ನೀರು ಅದಕ್ಕೆ ತದ್ವಿರುದ್ಧ, ಉಪ್ಪೇ ಇಲ್ಲದ ನೀರು, ಗಿಡಕ್ಕೆ ಒಳ್ಳೆಯದು. ಅದನ್ನು ನಾನು ಕಲಿಯುವಷ್ಟರಲ್ಲಿ ಮೇ ಬಂದಿತ್ತು.

ಅಹಮದಾಬಾದಿನ ಮೇ ತಿಂಗಳನ್ನು ನಿಮಗೆ ಹೇಳಬೇಕಿಲ್ಲ. 2016ರ ಮೇ 20ರಂದು ಇಲ್ಲಿ 48 ಡಿಗ್ರಿ ದಾಖಲಾಗಿತ್ತು. 2010ರ ಬಿಸಿಗಾಳಿಯಲ್ಲಿ ಆದ ಸಾವುಗಳನ್ನು ಕಂಡು ನಗರಪಾಲಿಕೆ 2013ರಲ್ಲಿ ಶಾಖದ ಮುನ್ನೆಚ್ಚರಿಕೆ ಯೋಜನೆಯನ್ನೇ ಮಾಡಿತು, ಇಂಥದ್ದು ದಕ್ಷಿಣ ಏಷ್ಯಾದಲ್ಲೇ ಮೊದಲನೆಯದು. 45 ಮುಟ್ಟಿದರೆ ರೆಡ್ ಅಲರ್ಟ್. ಮನುಷ್ಯರೇ ಮನೆಯಿಂದ ಹೊರಗೆ ಬರಬೇಡಿ ಎನ್ನುವ ಮಧ್ಯಾಹ್ನಗಳಲ್ಲಿ ನಾನು ಹಿತ್ತಲಿಗೆ ಹೋಗಿ ಆ ಕುಂಡದ ಸುತ್ತ ಐಸ್ ತುಂಡು ಇಡುತ್ತಿದ್ದೆ. ಒದ್ದೆ ಗೋಣಿ ಸುತ್ತಿದೆ, ಹಸಿರು ಬಲೆ ಕಟ್ಟಿದೆ. ದಿನಕ್ಕೆ ಎರಡು ಬಕೆಟ್ ನೀರು. ನಮ್ಮ ಸಾಲಿಗೆ ಆಗ ನೀರು ಬರುತ್ತಿದ್ದದ್ದು ಬೆಳಿಗ್ಗೆ ಮಾತ್ರ, ತೀರಿದರೆ ಟ್ಯಾಂಕರ್. ಫೋನಿನಲ್ಲಿ ಅಮ್ಮನಿಗೆ ನೀರಿನ ಕಷ್ಟ ಹೇಳಿಕೊಂಡೆ. ಅಮ್ಮ, "ಅದಕ್ಕೆ ದಿನಾ ಎಷ್ಟು ಹುಯ್ತೀಯ?" ಎಂದು ಕೇಳಿದರು. ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಬರದ ವರ್ಷ ತಾತ ಬಜೆ ಗದ್ದೆ ಒಣಗೋಕೆ ಬಿಟ್ರು ಕಣೆ, ದನಕ್ಕೆ ನೀರು ಬೇಕಿತ್ತು" ಎಂದರು.

ಮಾರನೆಯ ದಿನದಿಂದ ಐಸ್ ನಿಲ್ಲಿಸಿದೆ. ಜೂನ್ ಮೊದಲ ವಾರ ಗಿಡ ಬುಡದಿಂದ ಕಳಚಿಕೊಂಡು ಕೈಗೆ ಬಂತು. ಒಳಗೆ ಬೆಂದ ಹಾಗಿತ್ತು. ಹೂ ಬಿಡದೆ ಹೋದದ್ದರಿಂದ ಅದು ನಿಜಕ್ಕೂ ಸೈಬೀರಿಯನ್ ಐರಿಸ್ ಹೌದೋ ಅಲ್ಲವೋ ಎನ್ನುವುದೂ ಮಾರಿದವರಿಗೇ ಗೊತ್ತು.

ಹಾಗಾದರೆ ನಮ್ಮ ಮೂರು ಊರುಗಳಲ್ಲಿ ಐರಿಸ್ ಕುಲದ ಆಸೆಯೇ ಬಿಡಬೇಕೇ? ಬೇಕಿಲ್ಲ. ವಡೋದರದ ಮಾಕರ್‌ಪುರಾದಲ್ಲಿರುವ ನನ್ನ ಗೆಳತಿಯ ಮನೆಯಲ್ಲಿ ಐರಿಸ್ ಡೊಮೆಸ್ಟಿಕಾ ಇದೆ. ಕಿತ್ತಳೆ ಹೂವಿನ ಮೇಲೆ ಚಿರತೆಯ ಹಾಗೆ ಕೆಂಪು ಚುಕ್ಕಿ. ಕಾಯಿ ಒಡೆದಾಗ ಕಪ್ಪು ಹೊಳೆಯುವ ಬೀಜಗಳು ಹಣ್ಣಿನ ಗೊಂಚಲಿನ ಹಾಗೆ ಕಾಣುತ್ತವೆ. ಬಹಳ ಕಾಲ ಇದನ್ನು ಬೆಲಾಂಕಾಂಡಾ ಎಂದು ಬೇರೆಯೇ ಜಾತಿಯಾಗಿ ಇಟ್ಟಿದ್ದರು. ಡಿಎನ್ಎ ನೋಡಿದ ಮೇಲೆ 2005ರಲ್ಲಿ ಐರಿಸ್ ಬಳಗಕ್ಕೆ ಸೇರಿಸಿದರು. ಇದಕ್ಕೆ ಹಿಮ ಬೇಡ, ಬಿಸಿಲು ಬೇಕು, ನೀರು ನಿಲ್ಲಬಾರದು. ವಡೋದರದ ಕಪ್ಪು ಎರೆಮಣ್ಣಿನಲ್ಲಿ ಅದೊಂದೇ ತಕರಾರು. ಗೆಳತಿ ಅರ್ಧಕ್ಕರ್ಧ ಮರಳು ಬೆರೆಸಿ ಏರುಮಡಿ ಮಾಡಿಕೊಂಡಿದ್ದಾಳೆ. ಬೀಜದಿಂದಲೂ ಬರುತ್ತದೆ.

ಸೂರತ್‌ನವರಿಗೆ ನಾನು ಹೇಳುವುದು ಗ್ಲಾಡಿಯೋಲಸ್. ಹೂವಿನಂಗಡಿಯ ಬೊಕೆಯಲ್ಲಿ ನೋಡಿ ನೋಡಿ ಅಸಡ್ಡೆ ಬಂದಿರಬಹುದು, ಆದರೆ ಅದೂ ಐರಿಸ್ ಕುಟುಂಬದ್ದೇ, ಕೇಸರಿಯ ಹಾಗೆ. ಅಕ್ಟೋಬರ್‌ನಲ್ಲಿ ಗಡ್ಡೆ ನೆಟ್ಟರೆ ಎರಡೂವರೆ-ಮೂರು ತಿಂಗಳಿಗೆ ಹೂ. ನವಸಾರಿ ಸುತ್ತಮುತ್ತ ಹೂಬೇಸಾಯವಿದೆ, ಕೃಷಿ ವಿಶ್ವವಿದ್ಯಾಲಯವೂ ಅಲ್ಲೇ ಇದೆ, ಒಳ್ಳೆ ಗಡ್ಡೆಗೆ ಆ ಕಡೆ ಹೋದಾಗ ವಿಚಾರಿಸಿ. ಎಲೆ ಹಳದಿಯಾದ ಮೇಲೆ ಗಡ್ಡೆ ಕಿತ್ತು ನೆರಳಲ್ಲಿ ಒಣಗಿಸಿ ಎತ್ತಿಡಬೇಕು. ಚೀಟಿ ಹಚ್ಚಿ ಎತ್ತಿಡಿ. ಬಾಲ್ಕನಿಯಲ್ಲಿ ಅರೆನೆರಳು ಮಾತ್ರ ಇರುವವರಿಗೆ ನಿಯೋಮರಿಕಾ ಇದೆ, ನಡೆದಾಡುವ ಐರಿಸ್ ಎನ್ನುತ್ತಾರೆ. ಹೂ ಒಂದೇ ದಿನದ್ದು. ಹೂ ಬಾಡಿದ ತುದಿಯಲ್ಲೇ ಮರಿ ಹುಟ್ಟಿ, ಭಾರಕ್ಕೆ ಬಾಗಿ ನೆಲ ಮುಟ್ಟಿ ಬೇರೂರುತ್ತದೆ. ಹೀಗೆ ಹೆಜ್ಜೆ ಹೆಜ್ಜೆಯಾಗಿ ಕುಂಡದಿಂದ ಕುಂಡಕ್ಕೆ ಹೋಗುತ್ತದೆ. ಅದಕ್ಕೆ ಸೈಬೀರಿಯನ್‌ನ ಆ ನೀಲಿ ಗಾಂಭೀರ್ಯ ಇಲ್ಲ. ಆದರೆ ಮೇ ತಿಂಗಳಲ್ಲಿ ಸಾಯುವುದಿಲ್ಲ. ನೀಲಿಯೇ ಬೇಕೆಂದರೆ ಕಾಶ್ಮೀರಕ್ಕೆ ಹೋಗಿ ನೋಡಿ. ಅಲ್ಲಿ ಗೋರಿಗಳ ಮೇಲೆ ಐರಿಸ್ ನೆಡುವ ವಾಡಿಕೆ ಇದೆ, ವಸಂತದಲ್ಲಿ ಸ್ಮಶಾನವೆಲ್ಲ ನೇರಳೆ, ಬಿಳಿ.

ಮಗನ ಮೊದಲ ಹುಟ್ಟುಹಬ್ಬಕ್ಕೆ ಅಮ್ಮ ಮತ್ತೆ ಬಂದರು. ಒಂದೂವರೆ ದಿನದ ರೈಲು. ಚಕ್ಕುಲಿ ಡಬ್ಬ, ಹುರಿಗಾಳು, ಮಾಗಡಿ ಅವರೆ ಎಲ್ಲ ತೆಗೆದ ಮೇಲೆ ಚೀಲದ ತಳದಿಂದ ಒದ್ದೆ ಗೋಣಿಯ ಗಂಟು ಹೊರಬಂತು. ಊರಲ್ಲಿ ನಮ್ಮ ಹಳೆಯ ಗದ್ದೆ ಈಗ ಯಾರದ್ದೋ. ಅವರ ಹತ್ತಿರ ಕೇಳಿ ಕಿತ್ತು ತಂದ ಜೀವಂತ ಬಜೆ. ಮೇಲೊಂದು ರಟ್ಟಿನ ತುಂಡು, ಅದರ ಮೇಲೆ ಅಮ್ಮನ ದುಂಡು ಅಕ್ಷರ: ‘ಇದು ಬಜೆ. ಗಿಡಕ್ಕೆ. ತಿನ್ನೋಕಲ್ಲ.’

ನಾನು ನಕ್ಕೆ. ಅಮ್ಮ ನಗಲಿಲ್ಲ.

ಹಿತ್ತಲ ಮೂಲೆಯಲ್ಲಿ ತೂತಿಲ್ಲದ ಹಳೆಯ ಪ್ಲಾಸ್ಟಿಕ್ ಟಬ್ಬು, ತಳಕ್ಕೆ ಕೆರೆಗೋಡಿನಂಥ ಅಂಟುಮಣ್ಣು, ಮೇಲೆ ಎರಡು ಬೆರಳು ನೀರು. ಎಸಿಯ ಕೊಳವೆಯನ್ನು ನೇರ ಅದರೊಳಕ್ಕೆ ಬಿಟ್ಟಿದ್ದೇವೆ. ಎಸಿ ಹೆಚ್ಚು ಓಡುವುದು ಏಪ್ರಿಲ್, ಮೇ ತಿಂಗಳಲ್ಲೇ, ಬಜೆಗೆ ಹೆಚ್ಚು ನೀರು ಬೇಕಾಗುವುದೂ ಆಗಲೇ. ಪ್ರತ್ಯೇಕವಾಗಿ ಒಂದು ಚೊಂಬು ನೀರನ್ನೂ ನಾನು ಹಾಕಿಲ್ಲ. ಪಡುವಣ ಬಿಸಿಲು ನೇರ ಬಡಿದರೆ ತುದಿ ಸುಡುತ್ತದೆ, ಅದಕ್ಕೆ ಗೋಡೆಯ ನೆರಳಿಗೆ ಸರಿಸಿದೆ. ಸೊಳ್ಳೆ ಆಗದಿರಲಿ ಎಂದು ನಾಲ್ಕು ಗಪ್ಪಿ ಮೀನು ಬಿಟ್ಟಿದ್ದೇವೆ, ಈಗ ನಲವತ್ತಾಗಿರಬೇಕು. ಎರಡು ಬೇಸಿಗೆ ದಾಟಿ ಟಬ್ಬು ತುಂಬಿ ಒಡೆಯುವ ಹಾಗಿದೆ. ಬಟ್ಟೆ ಒಣಹಾಕಲು ಹೋದಾಗ ಸೀರೆ ಅಂಚು ಎಲೆಗೆ ಸೋಕಿದರೆ ವಾಸನೆ ಬರುತ್ತದೆ, ಬದುವಿನ ಮೇಲೆ ಬರುತ್ತಿದ್ದದ್ದೇ.

ಮಗನಿಗೆ ಈಗ ಎರಡೂವರೆ ದಾಟಿದೆ. ಮನೆಯಲ್ಲಿ ಕನ್ನಡ, ಬಾ ಹತ್ತಿರ ಗುಜರಾತಿ, ಗಪ್ಪಿಗಳ ಹತ್ತಿರ ಯಾವುದೋ ಮೂರನೆಯ ಭಾಷೆ. ಬೆಳಗಿನಿಂದ ರಾತ್ರಿವರೆಗೆ ಬಾಯಿ ಮುಚ್ಚುವುದಿಲ್ಲ. ಒಂದು ತೊಟ್ಟೂ ಬಜೆ ತಿನ್ನಿಸದೆ ಇಷ್ಟು ಮಾತು ಬಂತಲ್ಲ ಎಂದು ಅಮ್ಮನನ್ನು ಕೆಣಕಿದರೆ, "ತೊಟ್ಟಿಲಿಗೆ ಕಟ್ಟಿದ್ವಲ್ಲ" ಎನ್ನುತ್ತಾರೆ.

ಸೂರತ್‌ನ ಹುಡುಗಿಗೆ, ಮತ್ತೆ ಬೇಕಾದ ಉಳಿದವರಿಗೆ: ಮಳೆ ಸರಿಯಾಗಿ ಹಿಡಿದ ಮೇಲೆ, ಆಗಸ್ಟ್‌ನಲ್ಲಿ, ಬಜೆಯ ಬುಡ ಬಿಡಿಸಿ ಹಂಚುತ್ತೇನೆ. ಗೌರಿ-ಗಣೇಶ ಹಬ್ಬಕ್ಕೆ ಎಲ್ಲರೂ ಸೇರುತ್ತೇವಲ್ಲ, ಆಗ ತೆಗೆದುಕೊಂಡು ಹೋಗಿ. ಒದ್ದೆ ಬಟ್ಟೆ, ಒಂದು ರಟ್ಟಿನ ತುಂಡು, ನೀರಿಗೆ ಅಳಿಸದ ಪೆನ್ನು ನೀವೇ ತನ್ನಿ. ಬರೆದು ಕಟ್ಟಿದ್ದು ನೋಡಿದ ಮೇಲೆಯೇ ಗಡ್ಡೆ ಕೊಡುವುದು.